ಗುಲಾಬಿ ಕಾಗದದ ಉಣ್ಣೆ

ಮೇ 12, ಸೋಮವಾರ, ಸಂಜೆ

ಬೆಳಗಿನಿಂದ ಒಂಬತ್ತು ಹಸು, ಎರಡು ಎಮ್ಮೆ, ಒಂದು ಮೇಕೆ. ಪಶು ಡಾಕ್ಟರಿಗೆ ಊಟದ ಹೊತ್ತು ಅಂತ ಒಂದಿದೆ ಎಂದು ಈ ಸೀಮೆಯಲ್ಲಿ ಯಾರಿಗೂ ಗೊತ್ತಿಲ್ಲ. ನಾಗಮಂಗಲ ರಸ್ತೆಯ ಧೂಳೆಲ್ಲ ನನ್ನ ತಲೆಯಲ್ಲೇ.

ಕೊನೆಗೆ ಕಾಳಪ್ಪಾಚಾರ್ರ ಮನೆ. ಅಕ್ಕಸಾಲಿಗರು. ಜನ ರೆಡಿಮೇಡ್ ಒಡವೆಗೆ ಹೋದ ಮೇಲೆ ಎರಡು ಸೀಮೆಹಸು ಕಟ್ಟಿಕೊಂಡಿದ್ದಾರೆ. ಅದರಲ್ಲಿ ಗಂಗೆ ಎಂಟು ತಿಂಗಳ ಗಬ್ಬ. ಜ್ವರ ನೂರೈದು. ಮೇವು ಮುಟ್ಟಿಲ್ಲ. ಬಿಸಿಲಿಗೆ ಬಂದ ಜ್ವರ ಅಂದೆ, ಇಂಜೆಕ್ಷನ್ ಕೊಟ್ಟೆ.

ಹೊರಡುವಾಗ ಆಚಾರ್ರು ಗುಲಾಬಿ ಕಾಗದದ ಪೊಟ್ಟಣ ಹಿಡಿದು ಬಂದರು. ಚಿನ್ನ ಕಟ್ಟಿಕೊಡುತ್ತಾರಲ್ಲ, ಅದೇ ಕಾಗದ. ಒಳಗೆ... ಉಣ್ಣೆ! ರಕ್ತ ಹೀರುವ ಹುಳ, ಹಸುವಿನ ಮೈಯಿಂದ ಕಿತ್ತದ್ದು.

"ಇದ ಒಸಿ ನೋಡಿ ಡಾಕ್ಟ್ರಮ್ಮ."

"ಆಮೇಲೆ ನೋಡ್ತೀನಿ" ಅಂದು ಬ್ಯಾಗಿಗೆ ತುರುಕಿದೆ. ದಿನಾ ಉಣ್ಣೆ ನೋಡಿಯೇ ಸಾಕಾಗಿರುವವಳು ನಾನು.

ಮೇ 14, ಬುಧವಾರ

ಏಳು ಗಂಟೆಗೇ ಆಚಾರ್ರ ಹೆಂಡತಿ ಮೂಗಮ್ಮನ ಫೋನು. "ಗಂಗೆ ಏಳ್ತಾನೇ ಇಲ್ಲ ಕಣವ್ವ. ಬಿರ್ನೆ ಬಾ."

ಜ್ವರ ನೂರಾ ಆರು. ಭುಜದ ಮುಂದೆ ನಿಂಬೆಹಣ್ಣಿನಷ್ಟು ಗಂಟು. ಕಣ್ರೆಪ್ಪೆಯ ಒಳಗೆಲ್ಲ ರಕ್ತವಿಲ್ಲದ ಬಿಳುಪು. ಬ್ಯಾಗಿನ ತಳದಿಂದ ಪೊಟ್ಟಣ ತೆಗೆದೆ. ಆಚಾರ್ರು ತಮ್ಮ ಭೂತಗನ್ನಡಿ ಕೊಟ್ಟರು.

"ನಮ್ಮ ಕೊಟ್ಗೆ ಉಣ್ಣೆ ಇಂಗಿರಕಿಲ್ಲ. ಇದ್ರ ಕಾಲ್ಗೆ ಉಂಗ್ರ ಅವೆ, ನೋಡಿ."

ಹೌದು. ಗೆಣ್ಣುಗೆಣ್ಣಿಗೂ ಬಿಳಿ ಪಟ್ಟೆ. ಥೈಲೇರಿಯಾ ಹರಡುವ ಜಾತಿ! ಹಸುವಿನ ರಕ್ತವನ್ನೇ ಬರಿದು ಮಾಡುವ ಕಾಯಿಲೆ. ಕಾಲೇಜಿನಲ್ಲಿ ಓದಿ ಪಾಸಾದವಳು ನಾನು, ಗುರುತು ಹಿಡಿದವರು ಅವರು. ನಾಚಿಕೆಯಾಯಿತು.

ಆಮೇಲೆ ಒಂದು ಒಡವೆ ಪೆಟ್ಟಿಗೆ ತಂದಿಟ್ಟರು. ಅದರ ತುಂಬ ಪೊಟ್ಟಣ. ಒಂದೊಂದರ ಮೇಲೂ ತಾರೀಖು, ಯಾವ ಹಸು, ಮೈಯ ಯಾವ ಜಾಗ. ಚಿಮಟದಲ್ಲಿ ಕಿತ್ತದ್ದು — ಒಂದರ ಮೂತಿಯೂ ಮುರಿದಿಲ್ಲ. ಎಂಥ ಕೈ, ಎಂಥ ಕಣ್ಣು! ಉಂಗುರದ ಕಾಲಿನದು ಮೊದಲು ಸಿಕ್ಕಿದ್ದು ಮಾರ್ಚಿನಲ್ಲಿ, ಹೊರಗಿನಿಂದ ಹೊಸ ಹಸು ತಂದ ದಿನ, ಅದರ ಮೈಮೇಲೆ. ಏಪ್ರಿಲ್ ಕೊನೆಗೆ ಗಂಗೆಯ ಮೈಮೇಲೆ.

ಹೊಸದನ್ನು ಎಲ್ಲಿ ಕಟ್ಟಿದ್ದಿರಿ ಅಂತ ಕೇಳಿದೆ.

"ಗಂಗೆ ಪಕ್ಕದಲ್ಲೇ" ಅಂದರು ಮೂಗಮ್ಮ. "ಒಸದಾಗಿ ಬಂದಿರೋದ ಒಂಟಿಯಾಗಿ ಕಟ್ಟಾರಾ? ಅದ್ಕೂ ಬ್ಯಾಸ್ರ ಆಗಕಿಲ್ವಾ?"

ಇವರನ್ನು ಏನಂತ ಬೈಯಲಿ...

ರಕ್ತದ ಸ್ಲೈಡು ಹಿಡಿದು ಪಾಂಡವಪುರದ ಲ್ಯಾಬಿಗೆ ಸ್ಕೂಟಿ ಓಡಿಸಿದೆ. ಅದೇ ಕಾಯಿಲೆ. ಔಷಧಿ ತಂದು ಮಧ್ಯಾಹ್ನ ಚುಚ್ಚಿದೆ. ಸೋಮವಾರವೇ ಪೊಟ್ಟಣ ನೋಡಬೇಕಿತ್ತು, ತಪ್ಪು ನನ್ನದೇ ಅಂತ ಒಪ್ಪಿಕೊಂಡೆ.

"ಚಿನ್ನ ಒರೆ ಅಚ್ಚೋವಾಗ ನಾನೂ ಎಡವಿವ್ನಿ ಬುಡಿ" ಅಂದರು ಆಚಾರ್ರು. "ಈಗ ಏನ್ ಮಾಡ್ಬೇಕು ಏಳಿ."

ಮೇ 16, ಶುಕ್ರವಾರ

ಎರಡನೇ ಇಂಜೆಕ್ಷನ್. ಜ್ವರ ನೂರಾ ಎರಡು. ಎರಡು ಹಿಡಿ ಹಸಿ ಹುಲ್ಲು ತಿಂದಿದೆ. ಹೊಟ್ಟೆಯ ಕರು ಉಳಿಯುತ್ತದೋ ಇಲ್ಲವೋ, ಇನ್ನೂ ಹೇಳುವಂತಿಲ್ಲ.

ಉಣ್ಣೆ ಗೋಡೆಯ ಸಂದಿನಲ್ಲಿ ಅಡಗುತ್ತದೆ ಅಂತ ಹೇಳಿದ್ದೆ. ಆಚಾರ್ರು ಕೊಟ್ಟಿಗೆಯ ಸಂದುಗಳಿಗೆಲ್ಲ ಸಿಮೆಂಟು ಮೆತ್ತುತ್ತಿದ್ದಾರೆ, ಎಪ್ಪತ್ತರ ವಯಸ್ಸಿನಲ್ಲಿ, ಓಲೆಗೆ ಕಲ್ಲು ಕೂರಿಸುವಷ್ಟು ನಾಜೂಕಾಗಿ. ಕಾಲಿಗೆ ಬೀಳಬೇಕು ಅನ್ನಿಸಿತು. ಬೀಳಲಿಲ್ಲ. ಕಾಫಿ ಕುಡಿದು ಬಂದೆ.

ಜೂನ್ 14, ಶನಿವಾರ

ಗಂಗೆ ಕರು ಹಾಕಿದೆ! ಹೆಣ್ಣು. ನಾನು ಹೋಗುವಷ್ಟರಲ್ಲಿ ಎದ್ದು ಮೊಲೆ ಹುಡುಕುತ್ತಿತ್ತು. ಹೊಸ ಹಸು ಈಗ ದೂರದ ಚಪ್ಪರದಲ್ಲಿ. ಅದಕ್ಕೆ ಬೇಸರವಾಗದಿರಲಿ ಅಂತ ಮೂಗಮ್ಮ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಸೊಪ್ಪು ಬಿಡಿಸುತ್ತಿದ್ದರು.

ಆಚಾರ್ರು ಕಣ್ಣಿಗೆ ಭೂತಗನ್ನಡಿ ಏರಿಸಿ ಕರುವಿನ ಕಿವಿ, ಬಾಲದ ಬುಡ, ತೊಡೆಸಂದು ಎಲ್ಲ ನೋಡಿದರು. ಒಳಗೆ ಹೋದರು. ಗುಲಾಬಿ ಕಾಗದದ ಪೊಟ್ಟಣ ತಂದು ನನ್ನ ಕೈಗಿಟ್ಟರು. ಮೇಲೆ ಇವತ್ತಿನ ತಾರೀಖು, 'ಗಂಗೆ ಕರು'. ಕರುವಿನ ಮೈಮೇಲೂ ಉಣ್ಣೆಯೇ?

"ಈಗ್ಲೇ ಬಿಚ್ಚಿ ನೋಡಿ ಡಾಕ್ಟ್ರಮ್ಮ. ಆಮೇಲೆ ಅನ್ಬ್ಯಾಡಿ."

ಬಿಚ್ಚಿದೆ. ಒಳಗೆ ಏನೂ ಇರಲಿಲ್ಲ. ಖಾಲಿ ಕಾಗದ. ನಾನು ಅಲ್ಲೇ, ಅವರಿಬ್ಬರ ಮುಂದೆ, ಈ ಸಲ ಕಾಲಿಗೆ ಬಿದ್ದೆ.