ಎರಡು ಸೀಸೆ, ಒಂದೇ ಮುಖ

ಅತ್ತಿಗೆ,

ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಇದು ನಾಲ್ಕನೇ ಹಾಳೆ. ಮೂರನ್ನು ಹರಿದು ಬಿಸಾಡಿದೆ. ಮೊದಲೇ ಹೇಳಿಬಿಡುತ್ತೇನೆ. ಅಮ್ಮನ ಕಣ್ಣಿಗೆ ಕಿವಿಯ ಔಷಧಿ ಬಿದ್ದದ್ದು ನಿಮ್ಮ ತಪ್ಪಿನಿಂದಲ್ಲ, ನನ್ನಿಂದ.

ಆ ಎರಡೂ ಸೀಸೆಗಳ ಲೇಬಲ್ ನಮ್ಮ ಪ್ರೆಸ್ಸಿನಲ್ಲೇ ಆದದ್ದು, ಬರೆದವನು ನಾನೇ. "ಎಲ್ಲಾ ಒಂದೇ ಮನೆ ಮಕ್ಕಳ ಥರ ಕಾಣ್ಬೇಕು ಕಣಯ್ಯಾ" ಅಂದಿದ್ದರು ಔಷಧಿ ಕಂಪನಿಯ ಮ್ಯಾನೇಜರ್. ಬಣ್ಣ ಒಂದೇ ಮಾಡಿದೆ. 'ಕಣ್ಣಿನ ಹನಿ'ಯಲ್ಲಿ ಕೆಳಗೆ ಇಳಿಬಿದ್ದ ಒತ್ತಕ್ಷರ ಸಾಲು ಕೆಡಿಸುತ್ತದೆಂದು ಅದನ್ನು ಕಿರಿದು ಮಾಡಿ ಮೇಲಕ್ಕೆಳೆದೆ. 'ಕಿವಿಯ ಹನಿ'ಯ ಗುಡಿಸುಗಳನ್ನು ಚಪ್ಪಟೆ ಮಾಡಿದೆ. ಅಕ್ಷರಗಳ ನಡುವೆ ಗಾಳಿಯಾಡದಂತೆ ಒತ್ತಿ ಕೂರಿಸಿದೆ. ಮುತ್ತು ಪೋಣಿಸಿದ ಹಾಗಿದೆ ಅಂತ ಎಲ್ಲರೂ ಹೊಗಳಿದರು, ನಾನೂ ಉಬ್ಬಿಹೋದೆ.

ಅವಸರದಲ್ಲಿ ಯಾರು ಅಕ್ಷರ ಕೂಡಿಸಿ ಓದುತ್ತಾರೆ ಹೇಳಿ? ಎಲ್ಲಿ ಮೇಲೆದ್ದಿದೆ, ಎಲ್ಲಿ ಕೆಳಗಿಳಿದಿದೆ ಎಂದು ನೋಡಿಯೇ ಕಣ್ಣು ಪದವನ್ನು ಗುರುತು ಹಿಡಿಯುತ್ತದೆ, ನೆಂಟರನ್ನು ದೂರದಿಂದ ನಡಿಗೆಯಲ್ಲೇ ಗುರುತಿಸುವ ಹಾಗೆ. ಹದಿನೆಂಟು ವರ್ಷ ಇದೇ ಕೆಲಸ ಮಾಡಿದವನಿಗೆ ಇದು ಗೊತ್ತಿಲ್ಲದ್ದೇನಲ್ಲ.

ಅಮ್ಮ ಉರಿ ತಾಳಲಾರದೆ ಚೀರಿದಾಗ ಅಣ್ಣ ನಿಮ್ಮ ಮೇಲೆ ಹರಿಹಾಯ್ದನಲ್ಲ, "ಎರಡಕ್ಷರ ಓದೋಕೆ ಬರಲ್ವಾ ನಿಂಗೆ? ಕಣ್ಣು ಎಲ್ಲಿಟ್ಟಿದ್ದೆ?" ಅಂತ. ಆಗ ಸೀಸೆ ನನ್ನ ಕೈಯಲ್ಲಿತ್ತು. ನೋಡಿದ ಕೂಡಲೇ ನನ್ನದೇ ಕೈಕೆಲಸವೆಂದು ಗೊತ್ತಾಯಿತು. "ನಂಗೆ ಕಣ್ಣಿನ ಹನಿ ಅಂತಾನೇ ಕಾಣ್ತು" ಅಂತ ನೀವು ಅಳುತ್ತಿದ್ದಿರಿ. ಅದು ನಿಜವೆಂದು ಗೊತ್ತಿದ್ದವನು ನಾನೊಬ್ಬನೇ. ಬಾಯಿಗೆ ಬೀಗ ಹಾಕಿಕೊಂಡು ನಿಂತೆ. ಮರುದಿನ ನೀವು ತವರಿಗೆ ಹೊರಟಾಗ ನಿಮ್ಮ ಚೀಲ ಹಿಡಿದು ಬಸ್ಸು ಹತ್ತಿಸಿದವನೂ ನಾನೇ. ಥೂ, ನನ್ನ ಜನ್ಮಕ್ಕಿಷ್ಟು!

ನಿನ್ನೆ ಆ ಮ್ಯಾನೇಜರ್ ಎದುರು ಎರಡೂ ಸೀಸೆ ಹಿಡಿದು, ಕಣ್ಣಿನದು ಯಾವುದು ಹೇಳಿ ಅಂದೆ. ಕಿವಿಯದನ್ನು ತೋರಿಸಿದರು! ಅಂಗಡಿಗಳಿಂದ ಸರಕು ವಾಪಸ್ಸು ತರಿಸುತ್ತಿದ್ದಾರೆ. ನನ್ನ ಕೆಲಸ ಉಳಿಯುವುದು ಅನುಮಾನ.

ಇವತ್ತು ಬೆಳಿಗ್ಗೆ ಮನೆಯಲ್ಲೂ ಹೇಳಿದೆ. ಅಣ್ಣ ಎದ್ದು ಚಪ್ಪಲಿ ಹುಡುಕತೊಡಗಿದ. ಈ ಪತ್ರ ತರುತ್ತಿರುವುದು ಅವನೇ. ಬೈಯುವುದಿದ್ದರೆ ನನ್ನ ಪಾಲನ್ನೂ ಅವನಿಗೇ ಕೊಟ್ಟು ಕಳಿಸಿ.

ಅಮ್ಮನ ಕಣ್ಣು ಇನ್ನೂ ಕೆಂಪಗಿದೆ. ದಿನಕ್ಕೆ ನಾಲ್ಕು ಸಲ ಹನಿ ಹಾಕಬೇಕು, ಯಾರು ಹೋದರೂ ರೆಪ್ಪೆ ಬಿಗಿಹಿಡಿಯುತ್ತಾಳೆ. ಎಲ್ಲ ಕೇಳಿದ ಮೇಲೆ ಅವಳು ಹೇಳಿದ್ದು ಇಷ್ಟೇ: "ಅವಳು ಬರ್ಲಿ. ಅವಳು ಹಾಕಿದ್ರೆ ಮಾತ್ರ ಕಣ್ಣು ಬಿಡ್ತೀನಿ."

ಬಂದರೂ ಬರದಿದ್ದರೂ ನಿಮ್ಮ ಹೊಟ್ಟೆ ತಣ್ಣಗಿರಲಿ, ಅತ್ತಿಗೆ.

ಇಷ್ಟು ದಿನ ಸುಮ್ಮನಿದ್ದ
ನಿಮ್ಮ ಮೈದುನ