ಬೀಗರಿಗೆ ಹೇಳಿಕೊಟ್ಟ ಪುಟ್ ಆಪ್ಷನ್

ಗೋಗಿ
೮ ಜೂನ್ ೨೦೨೫, ರವಿವಾರ

ಚಿ. ಸೌ. ಭಾಗ್ಯಾಗ, ನಿಮ್ಮಪ್ಪ ಅಂಬ್ರಪ್ಪನ ಆಶೀರ್ವಾದ.

ನಾವಿಬ್ರೂ ಇಲ್ಲಿ ಆರಾಮ ಅದೀವಿ. ಯಾದಗಿರ್‌ದಾಗ ನೀನು, ಅಳಿಯ ಬಾಲರಾಜ, ಬೀಗರು ಎಲ್ಲಾರೂ ಆರಾಮ ಇದ್ದೀರಿ ಅಂತ ತಿಳಕೊಂಡೀನಿ. ಬರೀಬೇಕು ಬರೀಬೇಕು ಅಂತ ತಿಂಗಳಿಂದ ಅನ್ಕೋತ ಬಂದೆ, ಕೈ ಏಳಲಿಲ್ಲ. ತಡ ಆತು ಅಂತ ಸಿಟ್ಟಾಗಬ್ಯಾಡ. ಫೋನ್ ಇರೂವಾಗ ಕಾಗದ ಯಾಕ ಅಂತ ನಿಮ್ಮವ್ವ ಕೇಳಿದ್ಳು. ನೀ ಫೋನ್ ಸ್ಪೀಕರಿಗೆ ಹಾಕಿ ರೊಟ್ಟಿ ಬಡೀತಿ, ಬಾಜೂಕ ಬೀಗರು ಕುಂತಿರ್ತಾರ. ಹೇಳೂದು ಅವರ ಬಗ್ಗೆನ ಐತಿ, ಅವರ ಮುಂದ ಹ್ಯಾಂಗ ಹೇಳ್ಲಿ? ಅದಕ್ಕ ನೀ ಪಾಠ ಮಾಡೂ ಕಾಲೇಜಿನ ವಿಳಾಸಕ್ಕ ಹಾಕಾಕತ್ತೀನಿ.

ಮಿರಗದ ಮಳಿ ಜರಾ ಹನಿಯಾಕತ್ತೈತಿ, ಹೊಲದವ್ರು ಹೆಸರು ಬಿತ್ತಾಕ ನಿಂತಾರ. ನಿನ್ನಿ ಬಕ್ರೀದ್, ಬಾಜೂ ಮನಿಯಿಂದ ಬಿರ್ಯಾನಿ ಬಂತು. ನಿಮ್ಮವ್ವನ ಮೊಣಕಾಲು ಹಂಗ ಐತಿ, ಬಾಯಿ ಮಾತ್ರ ಜೋರ್ ಐತಿ.

ಈಗ ಹಕೀಕತ್ತಿಗೆ ಬರ್ತೀನಿ. ಏಪ್ರಿಲ್ ಕಡೀಕ ಕೆಂಭಾವಿಯೊಳಗ ನನ್ನ ತಂಗಿ, ನಿಮ್ಮ ಸೋದರತ್ತಿ ದುರಗಮ್ಮನ ಮೊಮ್ಮಗಳ ತೊಟ್ಟಿಲ ಕಾರ್ಯ ಆತಲ್ಲ, ಪರೀಕ್ಷಾ ಕೆಲಸ ಐತಿ ಅಂತ ನೀ ಬರಲಿಲ್ಲ. ನಿಮ್ಮ ಮನಿಯಿಂದ ಬೀಗರು ಒಬ್ರ ಬಂದಿದ್ರು. ಊಟ ಆದ ಮ್ಯಾಲ ಪೆಂಡಾಲಿನ್ಯಾಗ ಹತ್ತು ಮಂದಿನ್ನ ಕೂಡಿಸಿಕೊಂಡು ಶೇರು ಬಾಜಾರದ ಮಾತು ತಗದ್ರು. ಹೆಡ್‌ಮಾಸ್ತರಿಕಿ ಬಿಟ್ಟು ಎರಡು ವರ್ಷ ಆದ್ರೂ ಪಾಠ ಮಾಡೂ ಚಟ ಹೋಗಿಲ್ಲ ಅವರದು.

ಯುಗಾದಿ ಆಗಿ ಎಂಟು ದಿನಕ್ಕ ಬಾಜಾರ ದಡಕ್ ಅಂತ ಬಿತ್ತು, ಎಲ್ಲಾರೂ ತಲಿ ಮ್ಯಾಲ ಕೈ ಹೊತ್ತರು, ನಾ ಮಾತ್ರ ಚಹಾ ಕುಡಕೋತ ಕುಂತಿದ್ದೆ ಅಂದ್ರು. ಯಾಕ್ರಿ ಅಂತ ಒಬ್ರು ಕೇಳಿದ್ರು. 'ನಮ್ಮ ಭಾಗ್ಯ ಮೊದಲ ಪುಟ್ ಆಪ್ಷನ್ ಕೊಡಿಸಿದ್ಳು' ಅಂದ್ರು. ಆಮ್ಯಾಲ ಹತ್ತಿ ಬೆಳಿ ಉದಾಹರಣಿ ಕೊಟ್ಟು ತಿಳಿಸಿ ಹೇಳಿದ್ರು. ಹತ್ತಿ ಬಿಡಿಸೂದಕ್ಕಿಂತ ಮೊದಲ ಸಾವಕಾರಗ ಜರಾ ರೊಕ್ಕ ಕೊಟ್ಟು, ರೇಟ್ ಬಿದ್ರೂ ಇಂಥ ರೇಟಿಗೆ ನೀನ ತಗೋಬೇಕು ಅಂತ ಕರಾರ ಮಾಡಿಕೊಂಡಂಗ. ರೇಟ್ ಬಿತ್ತಂದ್ರ ಕರಾರಿನ ರೇಟಿಗೆ ಅವಗ ಕೊಡೂದು. ಏರಿತಂದ್ರ ಬಾಜಾರದಾಗ ಮಾರೂದು, ಮುಂಚೆ ಕೊಟ್ಟ ರೊಕ್ಕ ಅಷ್ಟ ಹೋಕ್ಕೈತಿ. ತಮ್ಮ ಶೇರಿನ ಫಂಡ್ ಎಷ್ಟು ಇಳೀತೋ, ಅದರಾಗ ಬಹಳಷ್ಟನ್ನ ಆ ಪುಟ್ ತುಂಬಿಕೊಟ್ಟಿತಂತ.

ಖರೆ ಹೇಳ್ತೀನಿ, ಹೇಳೂದು ಚಂದ ಹೇಳಿದ್ರು. ಆದ್ರ ಮಾತು ಮಾತಿಗೆ 'ನಮ್ಮ ಭಾಗ್ಯ, ನಮ್ಮ ಭಾಗ್ಯ'. ದಿನಾ ಸಂಜಿಕ ಕಾಲೇಜಿನಿಂದ ಬಂದು ಬಾಜೂಕ ಕುಂತು ಕಲಸ್ಯಾಳ ಅಂದ್ರು. ಆಗ ದುರಗಮ್ಮ ಎಲ್ಲಾರ ಮುಂದ ನನ್ನ ಕಡೆ ತಿರುಗಿ ಕೇಳಿದ್ಳು: 'ಅಣ್ಣಾ, ಮತ್ತ ನಿನಗ ಕಲಿಸಿಲ್ಲೇನು ಮಗಳು?'

ನಾ ಎಲಿ ಅಡಿಕಿ ಬಾಯಾಗ ಹಾಕ್ಕೊಂಡೆ. ಬೀಗರು ನನ್ನ ಹೆಗಲ ಮ್ಯಾಲ ಕೈ ಇಟ್ಟು, 'ಬರ್ರಿ ಬೀಗರ, ನಾ ಹೇಳಿಕೊಡ್ತೀನಿ' ಅಂದ್ರು. ಭಾಗ್ಯಾ, ಅವರು ಒಳ್ಳೆ ಮನಸ್ಸಿನಿಂದನ ಅಂದಿರಬೇಕು. ನನ್ನ ಮಗಳ ಮಾತು ನಾ ಅವರ ಬಾಯಿಂದ ಕಲೀಬೇಕೇನು? ಬಸ್ಸಿನ್ಯಾಗ ಊರಿಗೆ ಬರೂತನಾ ಕಿಡಕಿ ಕಡೆ ಮಾರಿ ಮಾಡಿ ಕುಂತಿದ್ದೆ. 'ಬೀಗರ ಮ್ಯಾಲ ಹೊಟ್ಟಿಕಿಚ್ಚು ಪಡಾಕತ್ತೀರಿ, ಈ ವಯಸ್ಸಿಗೆ' ಅಂದ್ಳು ಆಕಿ. ಇಲ್ಲ ಅಂದೆ. ಹೌದು ಅನ್ನಾಕ ಒಂದು ತಿಂಗಳು ಹಿಡೀತು.

ನೀ ಬಿ.ಕಾಂ. ಓದೂವಾಗ ನಾ ಕರೆಂಟ್ ಲೈನಿನ ಕೆಲಸ ಮುಗಿಸಿ ಬಂದ್ರ, ಕೈಕಾಲು ತೊಳಿಯೂದರಾಗ ಬಂದು ಅವತ್ತು ಕಾಲೇಜಿನ್ಯಾಗ ಏನು ಹೇಳಿದ್ರು ಅದನ್ನೆಲ್ಲಾ ನನಗ ಒಪ್ಪಿಸ್ತಿದ್ದಿ. ಡೆಬಿಟ್ ಅಂತಿದ್ದಿ, ಕ್ರೆಡಿಟ್ ಅಂತಿದ್ದಿ. ನನಗ ಏನೂ ತಿಳೀತಿದ್ದಿಲ್ಲ, ಹೂಂ ಹೂಂ ಅಂತಿದ್ದೆ. ಆ ಹೂಂ ಅನ್ನೂ ಕೆಲಸ ಈಗ ಬೀಗರಿಗೆ ಹೋತು. ಮೂವತ್ತು ವರ್ಷ ಸೊಂಟಕ್ಕ ಬೆಲ್ಟ್ ಕಟ್ಟಿ ಕಂಬ ಹತ್ತಿದವ ನಾ. ಬೀಳೂದಕ್ಕಿಂತ ಮೊದಲ ಕಟ್ಟಿಕೊಳ್ಳೂದು ಅಂದ್ರ ಏನು ಅನ್ನೂದು ನನಗ ಹೇಳಿದ್ರ ಎಷ್ಟು ಲಗೂ ತಿಳೀತಿತ್ತು!

ಮೇ ತಿಂಗಳಾಗ ಒಂದು ದಿನ ನಿಮ್ಮವ್ವಗ ಗುಳಿಗಿ ತರ್ತೀನಿ ಅಂತ ಹೇಳಿ ಟಂಟಂ ಹತ್ತಿ ಶಹಾಪುರಕ್ಕ ಹೋದೆ. ಅಲ್ಲಿ ಬಸ್‌ಸ್ಟ್ಯಾಂಡ್ ಹಿಂದ ತಸ್ಲೀಮಾ ಅನ್ನೂ ಹೆಣ್ಣುಮಗಳು ಶೇರಿನ ಆಫೀಸ್ ಇಟ್ಟಾಳ. ನಿನ್ನಷ್ಟ ವಯಸ್ಸು. ನನಗೂ ಪುಟ್ ಬೇಕು, ನಮ್ಮ ಬೀಗರು ತಗೊಂಡಂಥದ ಬೇಕು ಅಂದೆ. ನಗಲಿಲ್ಲ ಆಕಿ. ಕುಂಡ್ರಿಸಿ ನೀರು ಕೊಟ್ಟು, ಶೇರಿನ್ಯಾಗ ಎಷ್ಟು ಐತಿ ಕಾಕಾ ಅಂತ ಕೇಳಿದ್ಳು. ಎರಡು ಲಕ್ಷ ಅಷ್ಟ ಹಾಕೀನಿ ಅಂದೆ.

ಆಗ ಆಕಿ ಹೇಳಿದ್ದು: ಈ ಪುಟ್ ಬಿಡಿ ಬಿಡಿ ಸಿಗೂದಿಲ್ಲ, ಲಾಟ್‌ಗಟ್ಲೆ ತಗೋಬೇಕು. ಒಂದು ಲಾಟ್ ಅಂದ್ರ ಹದಿನೆಂಟು ಲಕ್ಷದ ಸನ್ಯಾಕಿನ ಶೇರಿಗೆ ಕಾವಲು. ಬೀಗರು ಸೈಟ್ ಮಾರಿದ ರೊಕ್ಕಾನೂ ಶೇರಿಗೆ ಹಾಕ್ಯಾರ ಅಂತ ನಾ ಹೇಳಿದ್ದಕ್ಕ, ಅವರಿಗೆ ಅದು ಬರೋಬ್ಬರಿ ಅಂದ್ಳು. ಎರಡು ಲಕ್ಷದವ ತಗೊಂಡ್ರ ಅದು ಕಾವಲು ಅಲ್ಲ, ಬಾಜಾರ ಬೀಳ್ತೈತಿ ಅಂತ ಜೂಜು ಕಟ್ಟಿದಂಗ. ಬೀಳಲಿಲ್ಲ ಅಂದ್ರ ಕೊಟ್ಟ ರೊಕ್ಕ ಪೂರಾ ಹೋತು.

'ರಿಟೈರ್ ಆದಾಗ ಬಂದದ್ದರಾಗ ಉಳಿದ ರೊಕ್ಕ ಎಲ್ಲಿ ಐತಿ?' ಅಂತ ಕೇಳಿದ್ಳು.

ಪೋಸ್ಟಿನ್ಯಾಗ ಅಂದೆ. ಹಂಗ ಇಡ್ರಿ ಅಂತ ಯಾರು ಹೇಳಿದ್ರು ಅಂದ್ಳು. ಮಗಳು ಅಂದೆ.

'ಮತ್ತ ನಿಮ್ಮ ಕಾವಲು ಆಕಿ ಮೊದಲ ಇಟ್ಟಾಳಲ್ರಿ ಕಾಕಾ' ಅಂದ್ಳು. ಖಾತೆ ತಗೀಲಿಲ್ಲ, ಚಹಾ ಕುಡಿಸಿ ಕಳಿಸಿದ್ಳು.

ಟಂಟಂನ್ಯಾಗ ಬರೂವಾಗ ಮನಸ್ಸು ಹಗರ ಆಗಿತ್ತು. ಮನಿ ಬರೂದರಾಗ ಮತ್ತ ಹಂಗ ಆತು. ಲೆಕ್ಕ ನನಗ ತಿಳೀತು, ಭಾಗ್ಯಾ. ಆದ್ರ ಅವರಿಗೆ ಸಂಜಿ ಸಂಜಿ ಕುಂತು ಹೇಳೀದಿ. ನನಗ ಒಂದ ಸಲ ಫೋನಿನ್ಯಾಗ 'ಶೇರಿಗೆ ಎರಡು ಲಕ್ಷ ಸಾಕು, ಉಳಿದದ್ದು ಪೋಸ್ಟಿನ್ಯಾಗ ಇಡು' ಅಂದಿ. ನಾನೂ ಇಟ್ಟೆ, ಯಾಕ ಅಂತ ಕೇಳಲಿಲ್ಲ.

ಹೋದ ವಾರ ಬೀಗರು ಫೋನ್ ಮಾಡಿದ್ರು. ಎರಡನೇ ಸಲ ತಗೊಂಡ ಪುಟ್ ಮೇ ಕಡೀಕ ಮುದ್ದತ್ ಮುಗದು ಸೊನ್ನಿ ಆತು ಅಂದ್ರು. ಭಾಗ್ಯಾ, ನಿನ್ನ ಮುಂದ ಯಾಕ ಮುಚ್ಚಿಡ್ಲಿ, ಒಳಗ ನನಗ ಪೇಡೆ ತಿಂದಂಗ ಆತು. ಅಯ್ಯೋ ಪಾಪ ಅನ್ನಾಕ ಬಾಯಿ ತಗೀದ್ನೋ ಇಲ್ಲೋ, 'ಒಳ್ಳೇದ ಆತ್ರಿ ಬೀಗರ, ಅದು ಕೆಟ್ಟಿತಂದ್ರ ಬಾಜಾರ ಏರೇತಿ ಅಂತ ಅರ್ಥ. ಕಾವಲಿಗಾರಗ ಪಗಾರ ಕೊಟ್ಟಂಗ' ಅಂತ ನಕ್ಕರು. ಅದನ್ನೂ ನೀನ ಕಲಿಸಿರಬೇಕು. ನನ್ನ ಖುಷಿ ಅಲ್ಲೇ ಹೋತು.

ಅವರು ಕೆಟ್ಟವರಲ್ಲ. ನಿನ್ನ ಮ್ಯಾಲ ಅವರ ಜೀವ ಐತಿ, ಅದಕ್ಕ ನಾ ಸಮಾಧಾನ ಪಡಬೇಕು, ಪಡ್ತೀನಿ. ಶ್ರಾವಣದಾಗ ಅಳಿಯಂದ್ರನ ಕರಕೊಂಡು ಬಾ. ಬೀಗರನ್ನೂ ಕರಕೊಂಡು ಬಾ, ಬ್ಯಾಡ ಅನ್ನೂದಿಲ್ಲ. ನಿನಗ ಆಯುಷ್ಯ ಆರೋಗ್ಯ ತುಂಬಿರಲಿ, ಹಿಡಿದ ಕೆಲಸ ಕೈಗೂಡಲಿ. ನಿಮ್ಮವ್ವ ದೇವಕಮ್ಮ ಶೇಂಗಾ ಹಿಂಡಿ ಕುಟ್ಟಿಟ್ಟಾಳ, ಬಂದಾಗ ಒಯ್ಯಿ.

ಇತಿ ನಿಮ್ಮಪ್ಪ,
ಅಂಬ್ರಪ್ಪ

ತಾ.ಕ.: ಒಂದು ಮಾತು ಉಳೀತು. ಮರತಿದ್ದೆ ಅಂತ ಬರಿಯೂದಿಲ್ಲ. ಬಾಜಾರ ಬಿದ್ದ ಸೋಮವಾರ ಬೆಳಿಗ್ಗೆ ಟಿವಿ ನೋಡಿ ನಿನಗ ಫೋನ್ ಮಾಡಿದೆ. ನೀ ಎತ್ತಿದಿ. 'ಅಪ್ಪಾ, ಹೆದರಬ್ಯಾಡ್ರಿ, ನಾ ಇದ್ದೀನಲ್ಲ' ಅಂದಿ. ನಾ 'ಇಲ್ಲವ್ವಾ, ಹೆದರಿಲ್ಲ' ಅಂದೆ. ಅಂದ ಮ್ಯಾಲ ಹೊಳೀತು, ನನಗ ನೀ ಎಂದೂ 'ರಿ' ಹಚ್ಚಿ ಮಾತಾಡಿಲ್ಲ, ಅದು ಬಾಜೂಕ ಕುಂತ ಬೀಗರಿಗೆ ಅಂದದ್ದು. ಆಮ್ಯಾಲ ಫೋನಿನ್ಯಾಗ 'ಆಮ್ಯಾಲ ಮಾಡ್ತೀನಿ' ಅಂದು ಇಟ್ಟಿ. ಮೊದಲೆಲ್ಲಾ ಅವರನ್ನ ಮಾವ ಅಂತಿದ್ದಿ. ಯಾವಾಗಿಂದ ಅಪ್ಪಾ ಅನ್ನಾಕತ್ತಿ, ಅದೊಂದು ಬರದು ತಿಳಸು.