ಚಾವಿ ವಾಚಿನವರ ನಿಯಮ

ಮಲ್ಕಾಜ್‌ಗಿರಿ
20 ಫೆಬ್ರುವರಿ 2025

ಮಂದಾರ,

ಆಶೀರ್ವಾದ ಎಂದು ಶುರು ಮಾಡುವುದು ನನ್ನ ರೂಢಿ. ಇದನ್ನು ಓದಿದ ಮೇಲೆ ನನ್ನ ಆಶೀರ್ವಾದ ನಿನಗೆ ಬೇಕಾಗುತ್ತದೋ ಇಲ್ಲವೋ ತಿಳಿಯದು. ಆದ್ದರಿಂದ ಬಿಟ್ಟಿದ್ದೇನೆ.

ನಿನ್ನೆ ನೀನು ಉಪ್ಪಲ್‌ನಿಂದ ಕಳಿಸಿದ ಪೆಟ್ಟಿಗೆ ಮುಟ್ಟಿತು. ನಿಮ್ಮಪ್ಪ ಶ್ರೀನಿವಾಸ ಮೂವತ್ತು ವರ್ಷ ಕೂಡಿಸಿದ ಇಪ್ಪತ್ಮೂರು ವಾಚು, ಒಂದೊಂದಕ್ಕೂ ಹಳೆಯ ಧೋತರದ ತುಂಡು ಸುತ್ತಿದೆ. ‘ಕಡೀ ಗಳಿಗ್ಯಾಗ ಅಪ್ಪನ ಜೋಡಿ ಇದ್ದವರು ನೀವು, ಕಾಕಾ. ಇವು ನಿಮ್ಮ ಹತ್ತರನ ಇರಲಿ’ ಎಂದು ಚೀಟಿ ಇಟ್ಟಿದ್ದೀ. ಓದಿ ಪೆಟ್ಟಿಗೆ ಮುಚ್ಚಿದೆ. ಯಾವುದಕ್ಕೂ ಚಾವಿ ಕೊಟ್ಟಿಲ್ಲ. ನಾಳೆ ಮರಳಿ ಕಳಿಸುತ್ತೇನೆ. ಯಾಕೆಂದು ಬರೆಯಬೇಕಾಗಿದೆ.

ಆಸ್ಪತ್ರೆಯಲ್ಲಿ ನೀನು ಎಲ್ಲರೆದುರು ನನ್ನನ್ನು ಒಂದೇ ಪ್ರಶ್ನೆ ಕೇಳಿದೆ: ‘ಕಾಕಾ, ನಾ ಕೊಟ್ಟ ವಾಚು ಅಪ್ಪ ಯಾಕ ಬಿಚ್ಚಿದ್ರು?’ ನಾನು ಹೇಳಿದೆ: ‘ತಾನ ಬಿಚ್ಚಿ ಚೀಲದಾಗ ಇಟ್ಕೊಂಡ್ನವಾ. ಕೈ ಹಿಡೀತದ ಅಂದ.’ ಅದು ಸುಳ್ಳು.

ಹದಿಮೂರನೆಯ ದಿನ ಊಟದ ಪಂಕ್ತಿ ಎದ್ದ ಮೇಲೆ, ಅಡುಗೆಮನೆ ಬಾಗಿಲಲ್ಲಿ ನೀನು ನಿನ್ನ ತಾಯಿಗೆ ಹೇಳುತ್ತಿದ್ದುದು ಕಿವಿಗೆ ಬಿತ್ತು: ‘ಮುಂಜಾನೆ ನಾ ಅಷ್ಟು ಜಗಳಾ ತಗೀಬಾರದಿತ್ತು. ನನ್ನ ಮ್ಯಾಲಿನ ಸಿಟ್ಟಿಗೆ ಬಿಚ್ಚಿ ಇಟ್ಟಾರ.’ ಕೃಷ್ಣಾಬಾಯಿಯವರು ಹೌದೆಂಬಂತೆ ತಲೆಯಾಡಿಸಿದರು. ಅವರೂ ಹಾಗೇ ನಂಬಿದ್ದಾರೆ. ಅಲ್ಲಿಯೇ ಹೇಳಬಹುದಿತ್ತು. ಚಪ್ಪಲಿ ಮೆಟ್ಟಿಕೊಂಡು ಮನೆಗೆ ಬಂದೆ.

ತಿಂಗಳ ಮೊದಲ ಭಾನುವಾರ ನಮ್ಮ ಮನೆಯಲ್ಲಿ ಸೇರುತ್ತಿದ್ದ ಚಾವಿ ವಾಚಿನವರು ಒಂದು ಕಾಲಕ್ಕೆ ಹತ್ತೊಂಬತ್ತು ಜನ. ಈ ವರ್ಷ ನಾಲ್ಕು. ಕೆಲವರು ತೀರಿಕೊಂಡರು, ಕೆಲವರು ಇದ್ದದ್ದನ್ನು ಮಾರಿ, ಹೆಜ್ಜೆ ಎಣಿಸುವ ವಾಚು ಕಟ್ಟಿಕೊಂಡು ಬರುವುದನ್ನೇ ಬಿಟ್ಟರು. ಸನತ್‌ನಗರದ ಕಾರ್ಖಾನೆಯೊಂದರಲ್ಲಿ ಲೇತ್ ನಡೆಸಿ ನಿವೃತ್ತನಾದ ಗೊಲ್ಲಾಳಪ್ಪ ನಮ್ಮ ವಾಚುಗಳನ್ನು ರಿಪೇರಿ ಮಾಡುತ್ತಾನೆ. ಒಂದು ಸಣ್ಣ ಚಕ್ರಕ್ಕಾಗಿ ಮೂರು ಕೆಟ್ಟ ವಾಚು ಬಿಚ್ಚುತ್ತಾನೆ. ‘ಸಾಮಾನು ಸಿಗ್ತಾವ್ರಿ ಸಾಹೇಬ್ರ, ಸತ್ತವರ ಮನ್ಯಾಗ. ಬಿಚ್ಚೂ ಕೈ ಎಲ್ಲಿಂದ ತರ್ತೀರಿ? ಹತ್ತು ವರ್ಷಕ್ಕ ಇವು ಬರೇ ಬಳಿ ಆಕ್ಕಾವು’ ಎಂದು ಜನವರಿಯಲ್ಲಿ ಅಂದಿದ್ದ. ‘ನಿನ್ನ ಕೈನ ಉಪ್ಪಿನಕಾಯಿ ಹಾಕಿ ಇಡೋಣೇನೋ’ ಎಂದು ನಿಮ್ಮಪ್ಪ ನಕ್ಕಿದ್ದ. ನಾನು ನಗಲಿಲ್ಲ.

ಜನ ಕಡಿಮೆಯಾದಷ್ಟೂ ನಾನು ನಿಯಮ ಬಿಗಿ ಮಾಡಿದೆ. ಸೇರಿದ ಮೇಲೆ ಹತ್ತು ನಿಮಿಷ ಕಣ್ಣು ಮುಚ್ಚಿ, ತಂದ ವಾಚನ್ನು ಕಿವಿಗೆ ಹಿಡಿದು ಮಾತಿಲ್ಲದೆ ಕೂಡುವುದು ಮೊದಲಿನಿಂದ ಬಂದ ಪದ್ಧತಿ. ಬಡಿತದಲ್ಲಿ ದೋಷವಿದ್ದರೆ ಆಗ ತಿಳಿಯುತ್ತದೆ. ಬ್ಯಾಟರಿ ವಾಚು, ಫೋನು ಯಾವುದಿದ್ದರೂ ಬಾಗಿಲ ಬಳಿಯ ಬುಟ್ಟಿಗೆ ಹಾಕಿಯೇ ಒಳಗೆ ಬರಬೇಕೆಂಬುದು ಎರಡು ವರ್ಷದ ಹಿಂದೆ ನಾನು ಸೇರಿಸಿದ್ದು.

ಈ ತಿಂಗಳ ಆ ಭಾನುವಾರ ಶ್ರೀನಿವಾಸ ಬುಟ್ಟಿಗೆ ಫೋನು ಹಾಕಿ, ನೀನು ಕೊಟ್ಟ ಬ್ಯಾಟರಿ ವಾಚಿನ ಮೇಲೆ ಕೈ ಇಟ್ಟು ಅಲ್ಲೇ ನಿಂತ. ‘ಇದನ್ನ ಬಿಚ್ಚೂದು ಬ್ಯಾಡೋ ರಾಮ್ಯಾ. ನನ್ನ ನಾಡಿ ಮಗಳ ಫೋನಿಗೆ ಹೋಗ್ತದ. ಕಾಣಲಿಲ್ಲಂದ್ರ ಅಂಜ್ತಾಳ. ಮುಂಜಾನೆ ಬ್ಯಾರೆ ಸುಮ್ಮಸುಮ್ಮನ ಬೈದು ಬಂದೀನಿ’ ಎಂದ. ನಾನು ಎಲ್ಲರೆದುರು ಹಂಗಿಸಿದೆ: ‘ಮಗಳು ಹಾಕಿದ ಬೇಡಿ ಬಿಚ್ಚಲಿಕ್ಕೆ ಜಾಮೀನು ಬೇಕೇನು?’ ಉಳಿದಿಬ್ಬರು ನಕ್ಕರು. ಅವನು ಕೈ ಮುಂದೆ ಚಾಚಿದ. ಪಟ್ಟಿ ಬಿಚ್ಚಿದವನು ನಾನು.

ಹತ್ತು ನಿಮಿಷ ಮುಗಿದು ನಾವು ಮೂವರು ಕಣ್ಣು ತೆರೆದೆವು. ನಿಮ್ಮಪ್ಪ ತೆರೆಯಲಿಲ್ಲ. ಮೊಣಕೈ ಕುರ್ಚಿಯ ತೋಳಿನ ಮೇಲಿತ್ತು, ತಲೆ ಅಂಗೈಗೆ ಒರಗಿತ್ತು, ಅಂಗೈಯಲ್ಲಿ ವಾಚು. ಅವನು ಯಾವಾಗಲೂ ಎಲ್ಲರಿಗಿಂತ ಹೆಚ್ಚು ಹೊತ್ತು ಕೇಳುವವನು. ಗೊಲ್ಲಾಳಪ್ಪ ಕರೆಯಲು ಹೋದಾಗ ನಾನು ತುಟಿಯ ಮೇಲೆ ಬೆರಳಿಟ್ಟೆ. ಚಹಾ ಬಂತು. ಅವನಿಗೆ ತೊಂದರೆಯಾಗಬಾರದೆಂದು ಪಿಸುಮಾತಾಡುತ್ತ ಕುಡಿದೆವು. ಹನ್ನೆರಡು ನಿಮಿಷ ಹಾಗೆ ಹೋಯಿತು. ಆಮೇಲೆ ವಾಚು ನೆಲಕ್ಕೆ ಬಿತ್ತು.

‘ಇನ್ನೊಂದು ಹತ್ತು ನಿಮಿಷ ಮೊದಲೇ ತಂದಿದ್ದರೆ’ ಎಂದು ಡಾಕ್ಟರು ಅರ್ಧಕ್ಕೆ ನಿಲ್ಲಿಸಿದರು. ನೀನು ಇನ್ನೂ ಬಂದಿರಲಿಲ್ಲ. ಬುಟ್ಟಿಯಲ್ಲಿದ್ದ ಅವನ ವಾಚು, ಫೋನು ಅವನ ಚೀಲಕ್ಕೆ ಸೇರಿಸಿದ್ದು ನಾನು. ಗೊಲ್ಲಾಳಪ್ಪ ನೋಡಿದ್ದಾನೆ. ಅಂದಿನಿಂದ ನಮ್ಮ ಮನೆಯ ಕಡೆ ಬಂದಿಲ್ಲ.

ನೀನು ಮೂರು ಸಲ ಫೋನ್ ಮಾಡಿದ್ದೆ, ಅಪ್ಪ ಬೇಕೆಂದೇ ಎತ್ತಲಿಲ್ಲ ಎಂದೂ ಅಂದುಕೊಂಡಿದ್ದೀ. ಫೋನು ಬುಟ್ಟಿಯಲ್ಲಿತ್ತು. ಯಾರಿಗೂ ಕೇಳಿಸಲಿಲ್ಲ.

ಈ ವಾಚುಗಳನ್ನು ಈಗ ಕೊಳ್ಳುವವರು ಕಡಿಮೆ, ಕೊಂಡರೂ ಬಿಡಿಭಾಗಕ್ಕಾಗಿ ಕೊಳ್ಳುತ್ತಾರೆ. ಗೊಲ್ಲಾಳಪ್ಪನ ಕಣ್ಣು ಇರುವವರೆಗೆ ನಡೆದಾವು. ನಿಂತುಹೋದರೂ ನಿಮ್ಮ ಮನೆಯಲ್ಲೇ ನಿಲ್ಲಲಿ, ನನ್ನಲ್ಲಿ ಬೇಡ. ಕೂಟ ಮುಚ್ಚಿದ್ದೇನೆ. ಈ ಪತ್ರವನ್ನು ನಿನ್ನ ತಾಯಿಗೂ ಓದಿ ಹೇಳು. ನಿನಗೆ ಯಾರ ಮುಂದೆ ತೋರಿಸಬೇಕೆನ್ನಿಸಿದರೂ ತೋರಿಸು.

ನಿಮ್ಮ ಮನೆಯಲ್ಲಿ ಕಾಕಾ ಎನ್ನಿಸಿಕೊಂಡಿದ್ದ
ರಾಮಕೃಷ್ಣ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಹರಿದೆ. ಫೋನಿನ ಬಗ್ಗೆ ಮೇಲೆ ಬರೆದದ್ದು ನಿಜವಲ್ಲ. ನಿನ್ನ ಮೊದಲನೆಯ ಕರೆ ಎಲ್ಲರಿಗೂ ಕೇಳಿಸಿತು. ನಾವಿನ್ನೂ ಕಣ್ಣು ಮುಚ್ಚಿರಲಿಲ್ಲ. ‘ಮಂದಾರಂದು ಇರಬೇಕು’ ಎಂದು ನಿಮ್ಮಪ್ಪ ಎದ್ದ. ನಾನು ಭುಜ ಹಿಡಿದು ಕೂಡ್ರಿಸಿದೆ, ಹೋಗಿ ಸದ್ದು ಬಂದ್ ಮಾಡಿ ಬಂದೆ. ಅವನು ಕಣ್ಣು ಮುಚ್ಚುವ ಮೊದಲು ಅಂದದ್ದು ಇಷ್ಟು: ‘ಲಗೂ ಮುಗಸೋ. ಆಕಿ ಕಾಯ್ತಿರ್ತಾಳ.’